ಎಸಿ ಸೋರಿ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆಯೇ? ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಬೆರೆಸುವ ಮೊದಲು ಇದನ್ನು ಓದಿ

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಗೋಡೆಯ ಬೂಷ್ಟಿನ ಸಂದೇಶಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳಿರುತ್ತವೆ. ಒಂದು, ಎಸಿ ಕೆಳಗಿನ ಗೋಡೆಯ ಮೇಲೆ ಕಾಣುವ ಕಪ್ಪು ಕಲೆ ಕೋವಿಡ್ ಕಾಲದ 'ಬ್ಲ್ಯಾಕ್ ಫಂಗಸ್', ಅದು ಕಣ್ಣು ತೆಗೆಯುತ್ತದೆ ಎಂಬುದು. ಇನ್ನೊಂದು, ಬ್ಲೀಚಿಂಗ್ ಪೌಡರ್‌ಗೆ ವಿನಿಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿ ಉಜ್ಜಿದರೆ ಬೂಷ್ಟು ಬೇರುಸಹಿತ ಹೋಗುತ್ತದೆ ಎಂಬುದು.

ಮೊದಲನೆಯದು ತಪ್ಪು. ಎರಡನೆಯದು ಅಪಾಯ. ನಿಮ್ಮ ಬಳಿ ಸಮಯವಿಲ್ಲದಿದ್ದರೆ ಇಷ್ಟನ್ನೇ ಓದಿ, ಗ್ರೂಪ್‌ಗೆ ಕಳುಹಿಸಿ: ಬ್ಲೀಚ್‌ಗೆ ಯಾವ ಆಸಿಡ್ ಅನ್ನೂ ಬೆರೆಸಬಾರದು. ಗೋಡೆಗಾಗಲಿ, ಬಾತ್‌ರೂಮಿಗಾಗಲಿ.

ಈ ಲೇಖನ ಬರೆಯಲು ಒಂದು ಕಾರಣವೂ ಇದೆ. ನಮ್ಮ ತಂಡದ ಒಬ್ಬರು ಮಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದಾರೆ. ಆಟಿ ತಿಂಗಳಲ್ಲಿ ಅವರ ಬೆಡ್‌ರೂಮಿನ ಎಸಿ ಸೋರಿ, ಅದರ ಕೆಳಗಿನ ಗೋಡೆಯಲ್ಲಿ ಅಂಗೈ ಅಗಲದ ಕಪ್ಪು ಮಚ್ಚೆ ಎದ್ದಿತ್ತು. ಮಗುವಿಗೆ ರಾತ್ರಿ ಕೆಮ್ಮು. ಊರಿನಿಂದ ಬಂದಿದ್ದ ಅತ್ತೆ ಮೊಮ್ಮಗುವಿನ ಚಿಂತೆಯಲ್ಲಿ, ಮೊಬೈಲ್‌ನಲ್ಲಿ ಬಂದ ಸಲಹೆಯಂತೆ ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಅದಕ್ಕೆ ಟಾಯ್ಲೆಟ್ ಆಸಿಡ್ ಸುರಿದರು. ಕೆಲವೇ ಕ್ಷಣಗಳಲ್ಲಿ ಕಣ್ಣು ಉರಿ, ಗಂಟಲು ಕಟ್ಟಿ ಕೆಮ್ಮು. ಬಾತ್‌ರೂಮಿನ ಬಾಗಿಲು ತೆರೆದಿದ್ದರಿಂದ ಹೊರಗೆ ಓಡಿ ಬಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ರಾತ್ರಿಯಿಡೀ ನಿಗಾದಲ್ಲಿಟ್ಟು ಮರುದಿನ ಮನೆಗೆ ಕಳುಹಿಸಿದರು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಸಂದೇಶದಲ್ಲಿ ಪ್ರಮಾಣ, ಚಮಚದ ಲೆಕ್ಕ ಎಲ್ಲವೂ ಇತ್ತು. ಎಚ್ಚರಿಕೆ ಮಾತ್ರ ಇರಲಿಲ್ಲ.

ಆ ಬಕೆಟ್‌ನಲ್ಲಿ ಆದದ್ದೇನು?

ಬ್ಲೀಚಿಂಗ್ ಪೌಡರ್‌ನಲ್ಲಿ ಇರುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಬಾಟಲಿಯಲ್ಲಿ ಸಿಗುವ ದ್ರವ ಬ್ಲೀಚ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಎರಡಕ್ಕೂ ಆಸಿಡ್ ತಗುಲಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಆಸಿಡ್ ಎಂದರೆ ಟಾಯ್ಲೆಟ್ ಕ್ಲೀನರ್‌ನ ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರವಲ್ಲ, ಅಡುಗೆಮನೆಯ ವಿನಿಗರ್ ಮತ್ತು ನಿಂಬೆರಸವೂ ಆಸಿಡ್‌ಗಳೇ. 1915ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧದ ವೇಳೆ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಸಿಲಿಂಡರ್‌ಗಳಿಂದ ಬಿಟ್ಟದ್ದು ಇದೇ ಅನಿಲವನ್ನು. ಮನೆಯ ಬಕೆಟ್‌ನಲ್ಲಿ ಅಷ್ಟು ಪ್ರಮಾಣ ಹುಟ್ಟುವುದಿಲ್ಲ, ನಿಜ. ಆದರೆ ಮುಚ್ಚಿದ ಬಾತ್‌ರೂಮ್ ಕೂಡ ಅಷ್ಟೇ ಚಿಕ್ಕದು. ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರುಗಾಲಲ್ಲಿ ಕೂತು ಉಜ್ಜುವವರಿಗೆ ಮತ್ತು ನೆಲದ ಮೇಲೆ ಆಡುವ ಮಕ್ಕಳಿಗೆ ಮೊದಲು ತಗಲುತ್ತದೆ.

ಬ್ಲೀಚ್‌ಗೆ ಅಮೋನಿಯ ಇರುವ ಕ್ಲೀನರ್ ಬೆರೆಸಿದರೆ ಕ್ಲೋರಮೈನ್ ಎಂಬ ಇನ್ನೊಂದು ಬಗೆಯ ವಿಷಾನಿಲ ಬರುತ್ತದೆ. ಕೆಲವು ಗಾಜು ಒರೆಸುವ ದ್ರವಗಳಲ್ಲಿ ಅಮೋನಿಯ ಇರುತ್ತದೆ.

ಯಾರಿಗಾದರೂ ಹೀಗಾದರೆ ತಕ್ಷಣ ಹೊರಗಿನ ಗಾಳಿಗೆ ಕರೆತನ್ನಿ. ಬಕೆಟ್ ಎತ್ತಿ ಚೆಲ್ಲಲು ಒಳಗೆ ಹೋಗಬೇಡಿ. ಕಣ್ಣು ಉರಿಯುತ್ತಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಉಸಿರಾಟ ಕಷ್ಟವಾದರೆ, ಎದೆ ಬಿಗಿದರೆ 108ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ. ಹೆಚ್ಚು ಅನಿಲ ಒಳಹೋಗಿದ್ದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಆದ್ದರಿಂದ 'ಈಗ ಸರಿಯಾಯಿತು' ಎಂದು ಮಲಗಿಬಿಡಬೇಡಿ.

ಇದು ಆ ಬ್ಲ್ಯಾಕ್ ಫಂಗಸ್ ಅಲ್ಲ

2021ರಲ್ಲಿ ಕೋವಿಡ್‌ನ ಎರಡನೇ ಅಲೆಯ ನಡುವೆ ಈರುಳ್ಳಿ ಸಿಪ್ಪೆಯ ಕಪ್ಪು, ಫ್ರಿಜ್ ಬಾಗಿಲಿನ ರಬ್ಬರ್‌ನ ಕಪ್ಪು ಎಲ್ಲವೂ ಬ್ಲ್ಯಾಕ್ ಫಂಗಸ್ ಎಂಬ ಸಂದೇಶ ದೇಶದಾದ್ಯಂತ ಹರಿದಾಡಿತ್ತು. ಎಸಿ ಗೋಡೆಯ ಸಂದೇಶ ಅದರ ತಮ್ಮನಂತಿದೆ. ಆಗ ಜನರನ್ನು ಕಾಡಿದ ಕಾಯಿಲೆಯ ಹೆಸರು ಮ್ಯೂಕೋರ್‌ಮೈಕೋಸಿಸ್. ಅದನ್ನು ಉಂಟುಮಾಡುವ ಶಿಲೀಂಧ್ರಗಳು ಮಣ್ಣಿನಲ್ಲಿ, ಕೊಳೆಯುವ ಎಲೆಗಳಲ್ಲಿ, ಗೊಬ್ಬರದಲ್ಲಿ ಇರುತ್ತವೆ. ನಾವೆಲ್ಲರೂ ಅವುಗಳ ಬೀಜಕಣಗಳನ್ನು ಉಸಿರಾಡುತ್ತಲೇ ಇರುತ್ತೇವೆ. ಕಾಯಿಲೆ ಬಂದದ್ದು ಬಹುಮಟ್ಟಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರಿಗೆ ಮತ್ತು ಸ್ಟೀರಾಯ್ಡ್ ಪಡೆದವರಿಗೆ. ಅಲ್ಲಿ 'ಕಪ್ಪು' ಎಂಬ ಹೆಸರು ಬಂದದ್ದು ಶಿಲೀಂಧ್ರದ ಬಣ್ಣದಿಂದಲ್ಲ, ರಕ್ತಸಂಚಾರ ನಿಂತು ಸತ್ತ ಅಂಗಾಂಶ ಕಪ್ಪಾಗುವುದರಿಂದ.

ಒದ್ದೆ ಗೋಡೆಯ ಮೇಲೆ ಸಾಮಾನ್ಯವಾಗಿ ಬೆಳೆಯುವುದು ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲ್ಲಸ್, ಪೆನಿಸಿಲಿಯಂ ಗುಂಪಿನವು. ಇಂಗ್ಲಿಷ್ ಸಂದೇಶಗಳಲ್ಲಿ 'ಟಾಕ್ಸಿಕ್ ಬ್ಲ್ಯಾಕ್ ಮೋಲ್ಡ್' ಎಂದು ಹೆದರಿಸುವುದು ಸ್ಟ್ಯಾಕಿಬಾಟ್ರಿಸ್ ಎಂಬ ಬೇರೊಂದನ್ನು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1993-94ರಲ್ಲಿ ಕೆಲವು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಆದಾಗ ಇದರ ಮೇಲೆ ಅನುಮಾನ ಬಂದಿತ್ತು. ಅಲ್ಲಿನ ಸಿಡಿಸಿ ಸಂಸ್ಥೆ 2000ದಲ್ಲಿ ಆ ಅಧ್ಯಯನವನ್ನು ಮರುಪರಿಶೀಲಿಸಿ, ಸಂಬಂಧ ಸಾಬೀತಾಗಿಲ್ಲ ಎಂದಿತು. ಮೊದಲ ಸುದ್ದಿ ಇನ್ನೂ ಓಡುತ್ತಿದೆ, ಎರಡನೆಯದು ಯಾರಿಗೂ ತಲುಪಿಲ್ಲ. ಬಣ್ಣ ನೋಡಿ ಬೂಷ್ಟು ಎಷ್ಟು ಅಪಾಯಕಾರಿ ಎಂದು ಹೇಳಲಾಗದು.

ಹಾಗೆಂದು ಬೂಷ್ಟು ನಿರುಪದ್ರವಿ ಎಂದೂ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒದ್ದೆ ಮತ್ತು ಬೂಷ್ಟು ಹಿಡಿದ ಮನೆಗಳ ಬಗ್ಗೆಯೇ ಮಾರ್ಗಸೂಚಿ ಹೊರತಂದಿದೆ. ಅಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾ ಉಲ್ಬಣ, ಶ್ವಾಸಕೋಶದ ಸೋಂಕು ಹೆಚ್ಚು ಎಂಬುದು ಅದರ ಸಾರ. ಆಸ್ತಮಾ ಇರುವವರು, ಪುಟ್ಟ ಮಕ್ಕಳು, ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಬೂಷ್ಟು ಇರುವ ಕೋಣೆಯಲ್ಲಿ ಮಲಗಬಾರದು, ಅದನ್ನು ಉಜ್ಜಲೂ ಹೋಗಬಾರದು. ಉಳಿದವರಿಗೆ ಸೀನು, ಮೂಗು ಕಟ್ಟುವುದು ಆಗಬಹುದು, ಏನೂ ಆಗದೆಯೂ ಇರಬಹುದು. ಮನೆಯಿಂದ ಹೊರಗಿದ್ದಾಗ ಕಡಿಮೆಯಾಗಿ, ಮರಳಿದಾಗ ಹೆಚ್ಚಾಗುವ ಕೆಮ್ಮು ಇದ್ದರೆ ಆ ವಿವರವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಎಸಿಯಿಂದ ಇಷ್ಟು ನೀರು ಎಲ್ಲಿಂದ?

'ಎಸಿ ಗ್ಯಾಸ್ ಕರಗಿ ನೀರಾಗಿ ಸೋರುತ್ತಿದೆ' ಎಂದು ಹೇಳುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದು ಆಗದ ಮಾತು. ಗ್ಯಾಸ್ ಸೋರಿದರೆ ಗಾಳಿಯಲ್ಲಿ ಹೋಗಿಬಿಡುತ್ತದೆ, ತೊಟ್ಟಿಕ್ಕುವುದಿಲ್ಲ. ತೊಟ್ಟಿಕ್ಕುವುದು ನಿಮ್ಮ ಕೋಣೆಯ ಗಾಳಿಯಲ್ಲೇ ಇದ್ದ ನೀರು. ತಣ್ಣನೆಯ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ಎಸಿ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಆ ಹನಿಗಳು ಕೆಳಗಿನ ಟ್ರೇಗೆ ಬಿದ್ದು, ಒಂದು ಪೈಪಿನ ಮೂಲಕ ಹೊರಗೆ ಹರಿಯಬೇಕು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂಥ ಊರಿನಲ್ಲಿ, ಮಳೆಗಾಲದ ದಿನ ಒಂದೂವರೆ ಟನ್ನಿನ ಎಸಿ ಪೂರ್ತಿ ಓಡಿದರೆ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ಬರಬಹುದು. ರಾತ್ರಿ ಎಂಟು ಗಂಟೆ ಓಡಿಸಿದರೆ ಸುಮಾರು ಒಂದು ಬಕೆಟ್. ಆ ಬಕೆಟ್ ನೀರು ಪೈಪಿನ ಬದಲು ಗೋಡೆಯೊಳಗೆ ಇಳಿದರೆ ಏನಾಗಬಹುದು ಊಹಿಸಿ.

ಪೈಪಿನಲ್ಲಿ ಮೋಟಾರ್ ಇರುವುದಿಲ್ಲ. ನೀರು ಇಳಿಜಾರಿನಲ್ಲಿ ತಾನೇ ಹರಿಯಬೇಕು. ಹಾಗಾಗಿ ಬಹುತೇಕ ಸೋರಿಕೆಗೆ ಕಾರಣ ತೀರಾ ಸಾಮಾನ್ಯವಾದದ್ದು: ಧೂಳು ಮತ್ತು ಲೋಳೆ ಸೇರಿ ಪೈಪ್ ಕಟ್ಟಿಕೊಳ್ಳುವುದು, ಒಳಘಟಕ ಪೈಪಿಲ್ಲದ ಕಡೆಗೆ ವಾಲಿರುವುದು, ಪೈಪ್ ನಡುವೆ ಎಲ್ಲೋ ಮೇಲಕ್ಕೆ ಬಾಗಿರುವುದು. ಫಿಲ್ಟರ್ ತೊಳೆಯದೆ ಬಿಟ್ಟರೆ ಗಾಳಿ ಸಾಗದೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಎಸಿ ಆಫ್ ಮಾಡಿದ ಮೇಲೆ ಅದು ಒಮ್ಮೆಲೇ ಕರಗಿ ಟ್ರೇ ತುಂಬಿ ಸುರಿಯುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಹೀಗೆಯೇ ಐಸ್ ಕಟ್ಟುತ್ತದೆ. ಗ್ಯಾಸಿಗೂ ನೀರಿಗೂ ಇರುವ ನಂಟು ಇಷ್ಟೇ.

ಇನ್ನೆರಡು ಕಾರಣ ಸುಲಭಕ್ಕೆ ಕಾಣುವುದಿಲ್ಲ. ತಾಮ್ರದ ಪೈಪಿಗೆ ಸುತ್ತಿದ ಕಪ್ಪು ಫೋಮ್ ಹರಿದಿದ್ದರೆ, ಪೈಪ್ ಗೋಡೆಯೊಳಗೇ ಬೆವರುತ್ತದೆ. ಡ್ರೈನ್ ಎಷ್ಟು ಸ್ವಚ್ಛ ಮಾಡಿಸಿದರೂ ಒದ್ದೆ ಹೋಗುವುದಿಲ್ಲ. ಎರಡನೆಯದು, ಪೈಪ್ ಹಾಯಿಸಲು ಹೊರಗೋಡೆಯಲ್ಲಿ ಕೊರೆದ ತೂತನ್ನು ಮುಚ್ಚದೆ ಬಿಡುವುದು. ಗಾಳಿ ಮಳೆ ಬಂದಾಗ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ, ಬೈಗುಳ ಎಸಿಗೆ ಬೀಳುತ್ತದೆ. ಎಸಿ ಹಾಕದ ದಿನವೂ, ಮಳೆ ಬಂದಾಗ ಮಾತ್ರ ಗೋಡೆ ಒದ್ದೆಯಾದರೆ ಈ ತೂತನ್ನು ನೋಡಿ.

ಸೋರಿಕೆಯೇ ಇಲ್ಲದೆಯೂ ಬೂಷ್ಟು ಬರಬಹುದು. 28 ಡಿಗ್ರಿ ಉಷ್ಣತೆ, ಶೇ. 85 ತೇವಾಂಶ ಇರುವ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿನ ಯಾವ ಮೇಲ್ಮೈ ಮುಟ್ಟಿದರೂ ಹನಿಗಟ್ಟುತ್ತದೆ. ಒಂದು ಕೋಣೆಯಲ್ಲಿ ಎಸಿಯನ್ನು 18ಕ್ಕೆ ಇಟ್ಟು ಮಲಗಿದರೆ ಗೋಡೆ ತಣ್ಣಗಾಗಿ, ಪಕ್ಕದ ಕೋಣೆಯ ಕಡೆಯ ಮೈ ಬೆವರುತ್ತದೆ. 'ಎಸಿ ಇಲ್ಲದ ರೂಮಿನಲ್ಲಿ ಬೂಷ್ಟು ಹೇಗೆ ಬಂತು?' ಎಂದು ಕೇಳುವವರಿಗೆ ಉತ್ತರ ಹಲವು ಸಲ ಇದೇ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಎಸಿಗಳು 24 ಡಿಗ್ರಿಯಲ್ಲೇ ಆನ್ ಆಗಬೇಕೆಂಬ ನಿಯಮ ಬಂದದ್ದು ವಿದ್ಯುತ್ ಉಳಿಸಲು. ನಮ್ಮ ಕರಾವಳಿಯಲ್ಲಿ ಗೋಡೆಗಳಿಗೂ ಅದರಿಂದ ಉಪಕಾರವಿದೆ.

ಬ್ಲೀಚ್ ಹಾಕಿದರೆ ಬಿಳಿಯಾಗುತ್ತದಲ್ಲ?

ಆಗುತ್ತದೆ, ಅದೇ ಮೋಸ. ಬ್ಲೀಚ್ ಬಣ್ಣ ತೆಗೆಯುತ್ತದೆ. ಟೈಲ್ಸ್‌ನಂಥ ಗಟ್ಟಿ ಮೇಲ್ಮೈಯಲ್ಲಿ ಬೂಷ್ಟನ್ನು ಕೊಲ್ಲುತ್ತದೆ. ಆದರೆ ಪುಟ್ಟಿ, ಪ್ಲಾಸ್ಟರ್, ಪ್ಲೈವುಡ್‌ನಂಥ ನೀರು ಹೀರುವ ವಸ್ತುಗಳ ಒಳಗೆ ಇಳಿದ ಎಳೆಗಳನ್ನು ಅದು ಸರಿಯಾಗಿ ಮುಟ್ಟುವುದಿಲ್ಲ, ಅದರಲ್ಲಿನ ನೀರು ಮಾತ್ರ ಗೋಡೆಗೆ ಇಳಿಯುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರಬಲ್ಲದು, ಹಾಗಾಗಿ ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಬೂಷ್ಟು ತೆಗೆಯಲು ಬ್ಲೀಚ್ ಅನ್ನು ಮಾಮೂಲಿ ಕ್ರಮವಾಗಿ ಸೂಚಿಸುವುದಿಲ್ಲ.

ಬೂಷ್ಟಿಗೆ ಬೇಕಾದದ್ದು ಆಹಾರ, ಹದವಾದ ಉಷ್ಣತೆ ಮತ್ತು ನೀರು. ಆಹಾರವನ್ನು ತಪ್ಪಿಸಲು ಆಗುವುದಿಲ್ಲ, ಧೂಳು, ಪೇಂಟು, ಮರ, ಕಾಗದ ಎಲ್ಲವೂ ಅದಕ್ಕೆ ಊಟವೇ. ಉಷ್ಣತೆ ನಮಗೆ ಹಿತವಾದದ್ದೇ ಅದಕ್ಕೂ ಹಿತ. ನಮ್ಮ ಕೈಯಲ್ಲಿರುವುದು ನೀರು ಒಂದೇ. ಒದ್ದೆಯಾದ ಜಾಗವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಸಂದರ್ಭದಲ್ಲಿ ಬೂಷ್ಟು ಹಿಡಿಯುವುದೇ ಇಲ್ಲ.

ತೆಗೆಯುವುದು ಹೇಗೆ?

ಮೊದಲು ಸೋರಿಕೆ ನಿಲ್ಲಿಸಿ. ಎಸಿಯ ಎಂಸಿಬಿ ಆಫ್ ಮಾಡಿ. ನೀರು ಸ್ವಿಚ್‌ಬೋರ್ಡ್ ಅಥವಾ ಪ್ಲಗ್ ಕಡೆಗೆ ಇಳಿದಿದ್ದರೆ ಅದನ್ನು ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ಸೋರಿಕೆ ಸರಿಯಾಗದೆ ಗೋಡೆ ಉಜ್ಜುವುದು ನಲ್ಲಿ ತೆರೆದಿಟ್ಟು ನೆಲ ಒರೆಸಿದಂತೆ.

ಗೋಡೆಯ ಮೇಲಿರುವುದು ಬೂಷ್ಟೇ ಹೌದೇ ಎಂದೂ ನೋಡಿಕೊಳ್ಳಿ. ಸಿಮೆಂಟ್ ಗೋಡೆಯಲ್ಲಿ ಬಿಳಿ ಪುಡಿಯಂತೆ ಏಳುವುದು ಹಲವು ಸಲ ಉಪ್ಪು. ಸ್ವಲ್ಪ ನೀರು ಚಿಮುಕಿಸಿ: ಉಪ್ಪಾದರೆ ಕರಗುತ್ತದೆ, ಬೂಷ್ಟಾದರೆ ಕರಗುವುದಿಲ್ಲ. ಉಪ್ಪಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ, ಗೋಡೆಯೊಳಗೆ ನೀರಿದೆ ಎಂಬ ಸುದ್ದಿಯನ್ನಷ್ಟೇ ಅದು ಹೇಳುತ್ತದೆ.

ಬೂಷ್ಟು ಸುಮಾರು ಮೂರು ಅಡಿ ಉದ್ದ, ಮೂರು ಅಡಿ ಅಗಲಕ್ಕಿಂತ ಕಡಿಮೆ ಇದ್ದರೆ ಆರೋಗ್ಯವಂತರು ತಾವೇ ತೆಗೆಯಬಹುದು ಎಂಬುದು ಇಪಿಎ ಸಲಹೆ. ಎನ್-95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಸಾಲದು. ಕಿಟಕಿ ತೆರೆಯಿರಿ, ಉಳಿದ ಮನೆಯ ಕಡೆಗಿನ ಬಾಗಿಲು ಹಾಕಿ, ಫ್ಯಾನ್ ಆರಿಸಿ. ಒಣ ಬ್ರಷ್‌ನಿಂದ ಉಜ್ಜಬೇಡಿ, ಪೊರಕೆಯಂತೂ ಬೇಡವೇ ಬೇಡ. ಲಕ್ಷಾಂತರ ಬೀಜಕಣಗಳು ಕೋಣೆ ತುಂಬುತ್ತವೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಕಲಸಿದ ನೀರಿನಲ್ಲಿ ಜಾಗವನ್ನು ಒದ್ದೆ ಮಾಡಿ, ಸ್ಪಂಜಿನಿಂದ ಉಜ್ಜಿ, ಒರೆಸಿ, ಮತ್ತೆ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ. ಉಬ್ಬಿ ಸಡಿಲವಾದ ಪೇಂಟ್, ಪುಟ್ಟಿಯನ್ನು ಒದ್ದೆಯಿರುವಾಗಲೇ ಕೆರೆದು ತೆಗೆಯಿರಿ. ಬಳಸಿದ ಬಟ್ಟೆ, ಸ್ಪಂಜನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಇದಾದ ಮೇಲೆ ಫ್ಯಾನ್ ಹಾಕಿ ಒಣಗಿಸಿ.

ಇಷ್ಟೇ. ವಿನಿಗರ್, ಅಡುಗೆ ಸೋಡಾ ಎರಡನ್ನೂ ಬೆರೆಸಿ ಎಂಬ ಸಲಹೆಯೂ ಇದೆ. ಅದು ಅಪಾಯವಲ್ಲ, ನೊರೆ ಬಂದು ನೋಡಲು ಚೆನ್ನಾಗಿರುತ್ತದೆ. ಆದರೆ ಒಂದು ಇನ್ನೊಂದರ ಶಕ್ತಿ ಕಳೆದು, ಕೊನೆಗೆ ಉಳಿಯುವುದು ಬಹುಪಾಲು ನೀರು.

ಎಸಿ ಹಿಂದೆ ಅಥವಾ ಕೆಳಗೆ ವಾರ್ಡ್‌ರೋಬ್ ಇದ್ದರೆ ಅದರ ಹಿಂಬದಿಯ ಪ್ಲೈವುಡ್ ನೋಡದೆ ಬಿಡಬೇಡಿ. ಊದಿಕೊಂಡ ಪ್ಲೈವುಡ್, ಒದ್ದೆಯಾಗಿ ಬೂಷ್ಟು ಹಿಡಿದ ಜಿಪ್ಸಂ ಫಾಲ್ಸ್ ಸೀಲಿಂಗ್ ಉಜ್ಜಿದರೆ ಸರಿಹೋಗುವುದಿಲ್ಲ, ಆ ಭಾಗ ಕತ್ತರಿಸಿ ತೆಗೆಯಬೇಕು. ಬೂಷ್ಟು ಹಿಡಿದ ದಿಂಬು, ಹಾಸಿಗೆಯ ಬಗ್ಗೆಯೂ ಮೋಹ ಬೇಡ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು.

ಪೇಂಟ್ ಬಳಿಯುವ ಆತುರವೇ ಬೂಷ್ಟಿನ ದೊಡ್ಡ ಗೆಳೆಯ. ಒದ್ದೆ ಗೋಡೆಯ ಮೇಲೆ 'ಡ್ಯಾಂಪ್ ಪ್ರೂಫ್' ಪೇಂಟ್ ಬಳಿದರೆ ನೀರು ಒಳಗೇ ಸಿಕ್ಕಿಬಿದ್ದು, ಕೆಲವು ತಿಂಗಳಲ್ಲಿ ಗುಳ್ಳೆಯೆದ್ದು ಉದುರುತ್ತದೆ. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದಡಿ ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಮಂಜು ಕಟ್ಟಿದರೆ ಗೋಡೆ ಇನ್ನೂ ಒದ್ದೆ. ಹೊರಮೈಯಲ್ಲಿ ಮಾತ್ರ ಹನಿಗಳಿದ್ದರೆ ಅದು ಕೋಣೆಯ ಗಾಳಿಯ ತೇವ.

ಕರ್ಪೂರ, ಉಪ್ಪು, ಸಾಂಬ್ರಾಣಿ

ಸಾಂಬ್ರಾಣಿ ಹೊಗೆ ಮುಗ್ಗಲು ವಾಸನೆಯನ್ನು ಮುಚ್ಚುತ್ತದೆ, ಬೂಷ್ಟನ್ನಲ್ಲ. ಆಸ್ತಮಾ ಇರುವವರಿಗೆ ಆ ಹೊಗೆಯೇ ಇನ್ನೊಂದು ಕಾಟ. ಕರ್ಪೂರದ ಬಿಲ್ಲೆಗಳನ್ನು ಕೋಣೆಯ ಮೂಲೆಗಳಲ್ಲಿ ಇಡುವುದಾದರೆ ಮಗು ನುಂಗಿದರೆ ಫಿಟ್ಸ್ ಬರಬಹುದು ಎಂಬುದು ನೆನಪಿರಲಿ. ಬಟ್ಟಲಿನಲ್ಲಿ ಕಲ್ಲುಪ್ಪು ಇಡುವ ಉಪಾಯದಲ್ಲಿ ಸ್ವಲ್ಪ ವಿಜ್ಞಾನವಿದೆ: ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಡಬ್ಬಿ ನೀರಾಡುವುದು ಅದಕ್ಕೇ. ಆದರೆ ಬೂಷ್ಟನ್ನು ದೂರ ಇಡಲು ತೇವಾಂಶ ಶೇ. 60ಕ್ಕಿಂತ ಕೆಳಗಿರಬೇಕು. ಅಷ್ಟಕ್ಕೆ ಇಳಿಸುವ ಶಕ್ತಿ ಉಪ್ಪಿಗಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ತೇವ ಹೀರುವ ಡಬ್ಬಿಗಳು ಮುಚ್ಚಿದ ಕಪಾಟಿಗೆ ಪರವಾಗಿಲ್ಲ, ಕೋಣೆಗೆ ಸಾಲವು. ಸರಿಯಾಗಿ ಕೆಲಸ ಮಾಡುವ ಎಸಿಯ 'ಡ್ರೈ' ಮೋಡ್ ಇವೆಲ್ಲಕ್ಕಿಂತ ಮೇಲು.

ಎಸಿ ಆನ್ ಮಾಡಿದೊಡನೆ ಮುಗ್ಗಲು ವಾಸನೆ ಬಂದರೆ ಬೂಷ್ಟು ಎಸಿಯ ಒಳಗೂ ಇದೆ ಎಂದರ್ಥ. ಫಿಲ್ಟರ್ ಅನ್ನು ನೀವೇ ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಬಹುದು. ಕಾಯಿಲ್, ಬ್ಲೋವರ್, ಟ್ರೇ ಸ್ವಚ್ಛಗೊಳಿಸುವುದು ತಂತ್ರಜ್ಞರ ಕೆಲಸ, ಮಳೆಗಾಲಕ್ಕೆ ಮೊದಲು ಮಾಡಿಸಿದರೆ ಒಳ್ಳೆಯದು. ಎಸಿ ನೀರಿನಿಂದ ಲೀಜನೇರ್ಸ್ ಕಾಯಿಲೆ ಬರುತ್ತದೆ ಎಂಬ ಸಂದೇಶವೂ ನಮಗೆ ಬಂದಿದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲು ಗುರುತಿಸಲಾದ ಆ ಕಾಯಿಲೆ ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ನಂಥ ನೀರಿನ ವ್ಯವಸ್ಥೆಗಳಿಂದ ಹರಡುತ್ತದೆ. ಮನೆಯ ಸ್ಪ್ಲಿಟ್ ಎಸಿ ತಂಪು ಮಾಡಲು ನೀರು ಬಳಸುವುದಿಲ್ಲ.

ಬಾಡಿಗೆ ಮನೆಯಲ್ಲಿರುವವರಿಗೆ ಒಂದು ಮಾತು. ಕಲೆ ಕಂಡ ದಿನವೇ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಮೆಕ್ಯಾನಿಕ್‌ನ ಬಿಲ್ ಇಟ್ಟುಕೊಳ್ಳಿ. ಮನೆ ಬಿಡುವಾಗ ಅಡ್ವಾನ್ಸ್‌ನಿಂದ ಪೇಂಟಿಂಗ್ ಖರ್ಚು ಮುರಿಯುವ ಮಾತು ಬಂದೇ ಬರುತ್ತದೆ. ಯಾವಾಗ ಶುರುವಾಯಿತು, ಯಾರಿಗೆ ಹೇಳಿದಿರಿ ಎಂಬುದಕ್ಕೆ ಆಗ ಸಾಕ್ಷಿ ಬೇಕು.

ಮಂಗಳೂರಿನ ಆ ಫ್ಲ್ಯಾಟಿನ ಸೋರಿಕೆಗೆ ಕಾರಣವೂ ಕೊನೆಗೆ ಒಂದು ಫಾರ್ವರ್ಡ್ ಸಂದೇಶವೇ ಎಂದು ಗೊತ್ತಾಯಿತು. ಎಸಿ ನೀರು ವ್ಯರ್ಥ ಮಾಡಬೇಡಿ, ಹಿಡಿದಿಡಿ ಎಂದು ಓದಿ ಬಾಲ್ಕನಿಯಲ್ಲಿ ಬಕೆಟ್ ಇಟ್ಟಿದ್ದರು. ಪೈಪಿನ ತುದಿ ಬಕೆಟ್‌ನ ನೀರಿನಲ್ಲಿ ಮುಳುಗಿತ್ತು. ತುದಿ ಮುಳುಗಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಹಿಂದಕ್ಕೆ ನಿಂತು ಟ್ರೇ ತುಂಬುತ್ತದೆ. ಮೆಕ್ಯಾನಿಕ್ ಪೈಪನ್ನು ನಾಲ್ಕು ಇಂಚು ಕತ್ತರಿಸಿದರು. ಗೋಡೆ ಒಣಗಲು ಮೂರು ವಾರ ಹಿಡಿಯಿತು, ಅಲ್ಲಿಯವರೆಗೆ ಮಗು ಹಾಲ್‌ನಲ್ಲಿ ಮಲಗಿತು. ಬಕೆಟ್ ಈಗಲೂ ಅಲ್ಲೇ ಇದೆ, ನೀರು ನೆಲ ಒರೆಸಲು ಮತ್ತು ಗಿಡಕ್ಕೆ ಹೋಗುತ್ತದೆ. ಧೂಳು, ಸೂಕ್ಷ್ಮಜೀವಿ, ಕಾಯಿಲ್‌ನ ಲೋಹದ ಅಂಶ ಸೇರಿರುವುದರಿಂದ ಕುಡಿಯಲು ಮಾತ್ರ ಅದು ಯೋಗ್ಯವಲ್ಲ.